ಹೊರಗೆ ಮೇಯುವ ಕೋಳಿಗಳನ್ನು ಶತ್ರುಗಳಿಂದ ಕಾಪಾಡುವ ಕ್ರಮ

ನಮ್ಮ ಹಳ್ಳಿಗಳಲ್ಲಿ ನಾಟಿಕೋಳಿಗಳನ್ನು ಹಗಲೆಲ್ಲಾ ಹೊರಗೆ ಬಿಟ್ಟು ಸಾಕುವುದು ವಾಡಿಕೆಯಾಗಿದೆ. ಹುಳುಹುಪ್ಪಟೆಗಳನ್ನೂ ಉದುರಿದ ಕಾಳನ್ನೂ ತಿಂದು ಅವು ಬೆಳೆಯುವುದರಿಂದ ಮೇವಿನ ವೆಚ್ಚವು ಅತ್ಯಲ್ಪ. ಆದರೆ ಹೇಂಟೆಯೊಂದು ಹತ್ತು ಮರಿಗಳನ್ನು ಮಾಡಿದರೂ ಅವುಗಳಲ್ಲಿ ಕೆಲವು ಮಾತ್ರವೇ ದೊಡ್ಡವಾಗುವುದನ್ನು ಒಕ್ಕಲಿಗರು ಬಲ್ಲರು. ರೋಗದಿಂದ ಸತ್ತವು ಹೋಗಲಾಗಿ, ಉಳಿದ ನಷ್ಟಕ್ಕೆ ಕಾಡುಪ್ರಾಣಿಗಳೂ ಹಕ್ಕಿಗಳೂ ಬೀದಿನಾಯಿಗಳೂ ಕಾರಣ. ಕೋಳಿಯನ್ನು ಮಾರಿ ಸಂತೆಯ ಖರ್ಚನ್ನು ತೂಗಿಸುವ ಬಡ ಸಂಸಾರಕ್ಕೆ ಇದು ಸಣ್ಣ ನಷ್ಟವಲ್ಲ.

ಶತ್ರುಗಳ ಗುರುತು.— ಹಗಲಿನಲ್ಲಿ ಹದ್ದು, ಗಿಡುಗ, ಕಾಗೆ ಮತ್ತು ಮುಂಗುಸಿಗಳು ಹೊಂಚುತ್ತವೆ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ನರಿ, ಕಾಡುಬೆಕ್ಕು, ಪುನುಗುಬೆಕ್ಕುಗಳ ಕಾಟ ಹೆಚ್ಚು. ಹಾವು ಮೊಟ್ಟೆಯನ್ನು ಇಡಿಯಾಗಿ ನುಂಗುವುದರಿಂದ ಓಡು ಉಳಿಯುವುದಿಲ್ಲ; ಮುಂಗುಸಿಯು ಒಡೆದು ತಿನ್ನುವುದರಿಂದ ಓಡಿನ ಚೂರುಗಳು ಬಿದ್ದಿರುತ್ತವೆ.

ರಾತ್ರಿಯ ಗೂಡು.— ಗೂಡನ್ನು ಕಂಬಗಳ ಮೇಲೆ ನೆಲದಿಂದ ಸುಮಾರು 3 ಅಡಿ ಎತ್ತರದಲ್ಲಿ ಕಟ್ಟತಕ್ಕದ್ದು. ಕಂಬಗಳಿಗೆ ನಯವಾದ ತಗಡನ್ನು ಸುತ್ತಿದರೆ ಇಲಿ ಹೆಗ್ಗಣಗಳು ಹತ್ತಲಾರವು. ಗಾಳಿಗಾಗಿ ಬಿಟ್ಟ ಕಿಂಡಿಗಳಿಗೆ ಅರ್ಧ ಅಂಗುಲದ ಕಣ್ಣುಳ್ಳ ಗಟ್ಟಿ ತಂತಿಬಲೆಯನ್ನು ಹೊಡೆಯಬೇಕು. ಅದಕ್ಕಿಂತ ದೊಡ್ಡ ಕಣ್ಣಿನಲ್ಲಿ ಸಣ್ಣ ಹಾವುಗಳು ನುಸುಳುತ್ತವೆ. ಗೂಡು ನೆಲದ ಮೇಲೆಯೇ ಇರುವಲ್ಲಿ ಬಲೆಯನ್ನು ಒಂದು ಅಡಿ ಆಳದವರೆಗೆ ಹೂಳಿದರೆ, ತೋಡಿಕೊಂಡು ಒಳಬರುವ ಪ್ರಾಣಿಗಳಿಗೆ ತಡೆಯಾಗುತ್ತದೆ. ಸೂರ್ಯಾಸ್ತಕ್ಕೆ ಮುಂಚೆ ಒಂದು ಹಿಡಿ ಕಾಳೆರಚಿ ಕೋಳಿಗಳನ್ನು ಕರೆದು, ಎಣಿಸಿ, ಬಾಗಿಲಿಗೆ ಅಗಣಿ ಹಾಕತಕ್ಕದ್ದು. ಬೆಳಕು ಚೆನ್ನಾಗಿ ಹರಿದ ಮೇಲೆಯೇ ಹೊರಗೆ ಬಿಡಬೇಕು.

ಮರಿಗಳ ರಕ್ಷಣೆ.— ಹೇಂಟೆಯು ಕಾವು ಕೂತ 21 ದಿನಗಳೂ ಮನೆಯೊಳಗೆ ಇರುವುದು ಲೇಸು. ಮರಿಗಳನ್ನು ಮೊದಲ ನಾಲ್ಕೈದು ವಾರ ತಾಯಿಯೊಡನೆ ಬೋರಲು ಹಾಕಿದ ದೊಡ್ಡ ಬಿದಿರು ಮಂಕರಿಯೊಳಗಾಗಲಿ, ಬಲೆಯ ಮುಚ್ಚಳವುಳ್ಳ ಆವರಣದಲ್ಲಾಗಲಿ ಇರಿಸಿ, ಕಾಳು ನೀರು ಒದಗಿಸಬೇಕು. ಅನಂತರ ಹೊರಗೆ ಬಿಡುವಾಗ ಹಿತ್ತಿಲಲ್ಲಿ ಅವರೆ ಅಥವಾ ಸೋರೆಯ ಚಪ್ಪರವಿದ್ದರೆ ಬಹಳ ಅನುಕೂಲ. ಮೇಲಿನಿಂದ ಎರಗುವ ಹದ್ದಿಗೆ ಅದು ಮರೆಯಾಗುತ್ತದೆ. ಕೆಳಗೆ ಬಯಲಾಗಿರುವುದರಿಂದ ಮುಂಗುಸಿಯು ಅವಿತುಕೊಳ್ಳಲಾರದು. ಇದೇ ಕಾರಣದಿಂದ ಗೂಡಿನ ಸುತ್ತಲೂ ಪೊದೆ, ಸೌದೆರಾಶಿ, ಕಲ್ಲುಗುಡ್ಡೆಗಳು ಇರಕೂಡದು.

ವಿಷಪ್ರಯೋಗ ಕೂಡದು.— ಶತ್ರುಗಳನ್ನು ಕೊಲ್ಲಲು ವಿಷವಿಟ್ಟರೆ ಮನೆಯ ನಾಯಿ, ಬೆಕ್ಕು ಮತ್ತು ಕೋಳಿಗಳೇ ಬಲಿಯಾಗಬಹುದು. ಮುಂಗುಸಿ, ನರಿ, ನಾಗರಹಾವು ಮೊದಲಾದವುಗಳನ್ನು ಕೊಲ್ಲುವುದು 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಆಗಿದೆ. ಅಲ್ಲದೆ, ಇವೇ ಪ್ರಾಣಿಗಳು ಹೊಲದ ಇಲಿಗಳನ್ನು ತಿಂದು ಬೆಳೆಗೆ ಉಪಕಾರ ಮಾಡುತ್ತವೆ. ಒಂದನ್ನು ಕೊಂದರೂ ಗೂಡು ತೆರೆದಿದ್ದರೆ ಮತ್ತೊಂದು ಬಂದೇ ಬರುವುದು. ಆದಕಾರಣ ಕೊಲ್ಲಲು ಹವಣಿಸುವುದಕ್ಕಿಂತ, ಭದ್ರವಾದ ಗೂಡನ್ನು ಕಟ್ಟಿ ಪ್ರತಿ ಸಂಜೆಯೂ ತಪ್ಪದೆ ಮುಚ್ಚುವುದೇ ಲಾಭಕರವಾದ ಮಾರ್ಗವು.