ಹೊಸಕೋಟೆಯಲ್ಲಿ ಕೂಡಿಸಿದ ಕಣ್ಣು

ನಕ್ಷತ್ರಗಳು ಎಲ್ಲಿ ಹುಟ್ಟುತ್ತಿವೆ ಎಂಬುದನ್ನು ಅರಿಯಲು ಅತಿನೇರಳೆ ಬೆಳಕು, ಅಂದರೆ ನೇರಳೆಗಿಂತಲೂ ಕಿರಿದಾದ ಅಲೆಯುದ್ದವುಳ್ಳ, ಮನುಷ್ಯರ ಕಣ್ಣಿಗೆ ಕಾಣದ ಬೆಳಕು, ಬಹಳ ನೆರವಾಗುತ್ತದೆ. ಏಕೆಂದರೆ ಆಗತಾನೇ ಹುಟ್ಟಿದ ಭಾರಿ ನಕ್ಷತ್ರಗಳು ವಿಪರೀತ ಬಿಸಿಯಾಗಿದ್ದು, ತಮ್ಮ ಬೆಳಕಿನ ಬಹುಪಾಲನ್ನು ಈ ಅಲೆಗಳಲ್ಲಿಯೇ ಚೆಲ್ಲಿ, ಕೆಲವೇ ಕೋಟಿ ವರ್ಷಗಳಲ್ಲಿ ಉರಿದು ಮುಗಿಯುತ್ತವೆ. ಆದರೆ ವಾಯುಮಂಡಲವು ಈ ಬೆಳಕನ್ನು ಹೀರಿಬಿಡುವುದರಿಂದ ದೂರದರ್ಶಕವನ್ನು ಅದರಾಚೆಗೆ ಒಯ್ಯದೆ ಬೇರೆ ದಾರಿಯಿಲ್ಲ.

ಅಂಥದೊಂದು ದೂರದರ್ಶಕ ರೂಪುಗೊಂಡದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ. ‘ಯುವಿಟ್’ ಎಂಬ ಈ ಅವಳಿ ದೂರದರ್ಶಕವನ್ನು ಸಂಸ್ಥೆಯ ಹೊಸಕೋಟೆಯ ಆವರಣದಲ್ಲಿ ಜೋಡಿಸಲಾಯಿತು. ಇಸ್ರೋದ ‘ಆಸ್ಟ್ರೋಸ್ಯಾಟ್’ ಉಪಗ್ರಹದೊಂದಿಗೆ 2015ರ ಸೆಪ್ಟೆಂಬರ್ 28ರಂದು ಅದು ಸುಮಾರು 650 ಕಿಲೋಮೀಟರ್ ಎತ್ತರದ ಕಕ್ಷೆಗೇರಿತು.

ಈ ಉಪಕರಣದ ಮೊದಲ ಶತ್ರು ಕೊಳೆ. ಎಣ್ಣೆಯಂಶದ ಆವಿ ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ಕುಳಿತರೂ ಅತಿನೇರಳೆ ಬೆಳಕು ಅಲ್ಲಿಯೇ ಇಂಗಿಹೋಗುವುದರಿಂದ, ಜೋಡಣೆಯೆಲ್ಲ ದೂಳುರಹಿತ ಕೋಣೆಯಲ್ಲಿ ನಡೆಯಿತು, ದೂರದರ್ಶಕದೊಳಗೆ ಶುದ್ಧ ಸಾರಜನಕವನ್ನು ಹಾಯಿಸಲಾಯಿತು, ಕಕ್ಷೆಗೆ ಸೇರಿದ ಮೇಲೂ ಉಪಗ್ರಹದ ಭಾಗಗಳಿಂದ ಹೊಮ್ಮುವ ಆವಿ ಚದುರಲೆಂದು ಸುಮಾರು ಎರಡು ತಿಂಗಳು ಅದರ ಬಾಗಿಲುಗಳನ್ನು ಮುಚ್ಚಿಯೇ ಇಡಲಾಯಿತು. ಈ ತಾಳ್ಮೆಯನ್ನೇ ಆ ಉಪಕರಣದ ಅತ್ಯಂತ ಬೆಲೆಬಾಳುವ ಭಾಗವೆಂದು ಎಣಿಸಬೇಕು.

ಎರಡೂ ದೂರದರ್ಶಕಗಳ ಬಾಯಗಲ ಸುಮಾರು 38 ಸೆಂಟಿಮೀಟರ್ ಮಾತ್ರ. ಆದರೂ ಅವುಗಳ ಕಣ್ಣು ಎಷ್ಟು ಚುರುಕೆಂದರೆ, ಕೊಪ್ಪಳ ಸೀಮೆಯ ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿಯ ಮುಂದೆ ನಾಲ್ಕು ಬೆರಳು ಅಂತರದಲ್ಲಿ ಹಚ್ಚಿಟ್ಟ ಎರಡು ದೀಪಗಳನ್ನು ಹತ್ತು ಕಿಲೋಮೀಟರ್ ದೂರದಿಂದ ಎರಡೆಂದೇ ಗುರುತಿಸುವುದಕ್ಕೆ ಅದು ಸಮ. ಬಂದ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸಿ, ಸೆಕೆಂಡಿಗೆ ಸುಮಾರು 29 ಬಾರಿ ಅವುಗಳ ಜಾಗವನ್ನು ಬರೆದಿಟ್ಟು, ಉಪಗ್ರಹದ ಸಣ್ಣ ಓಲಾಟವನ್ನು ಆಮೇಲೆ ಲೆಕ್ಕದಿಂದ ಕಳೆದು, ಚುಕ್ಕಿಗೆ ಚುಕ್ಕಿ ಸೇರಿಸಿ ಚಿತ್ರವನ್ನು ಕಟ್ಟಲಾಗುತ್ತದೆ. ಅದೇ ಕೊಪ್ಪಳ ಸೀಮೆಯ ಮಾತಿನಲ್ಲಿ ನಕ್ಷತ್ರವನ್ನೂ ಚುಕ್ಕಿಯೆಂದೇ ಕರೆಯುವುದು ಇಲ್ಲಿ ಬಲು ಒಪ್ಪುವ ಸಂಗತಿ.

ಯುವಿಟ್ ಕಂಡ ನೋಟಗಳಲ್ಲಿ ‘ಜೆಒ201’ ಎಂಬ ಗೆಲಾಕ್ಸಿಯದು ವಿಶೇಷವಾದುದು. ಏಬೆಲ್ 85 ಎಂಬ ಗೆಲಾಕ್ಸಿಗಳ ಗುಂಪಿನೊಳಕ್ಕೆ ಅತಿವೇಗದಿಂದ ನುಗ್ಗುತ್ತಿರುವ ಅದಕ್ಕೆ ಅಲ್ಲಿ ತುಂಬಿರುವ ಬಿಸಿ ಅನಿಲ ಎದುರುಗಾಳಿಯಂತೆ ಬಡಿದು, ಅದರ ಸ್ವಂತ ಅನಿಲವನ್ನು ಹಿಂದಕ್ಕೆ ಸೀಳಿಕೊಂಡು ಹೋಗುತ್ತಿದೆ. ಜೆಲ್ಲಿಮೀನಿನ ಕರಬಳ್ಳಿಗಳಂತೆ ಜೋತಾಡುವ ಆ ಎಳೆಗಳಲ್ಲಿ, ಗೆಲಾಕ್ಸಿಯ ತಟ್ಟೆಯಿಂದ ಹೊರಗೇ, ಹೊಸ ನಕ್ಷತ್ರಗಳು ಗಂಟುಗಂಟಾಗಿ ಹುಟ್ಟಿರುವುದು ಅತಿನೇರಳೆ ಚಿತ್ರದಲ್ಲಿ ಕಾಣುತ್ತದೆ. ನಡುಭಾಗದಲ್ಲಿ ಮಾತ್ರ ಬೆಳಕು ಕುಗ್ಗಿದ ಒಂದು ಪೊಳ್ಳಿದೆ. ಗೆಲಾಕ್ಸಿಯ ಕೇಂದ್ರದಲ್ಲಿರುವ ಕಪ್ಪುಕುಳಿ, ಎಂದರೆ ಬೆಳಕನ್ನೂ ಹೊರಬಿಡದಷ್ಟು ಗುರುತ್ವವುಳ್ಳ ಕಾಯ, ಅನಿಲವನ್ನು ಸೆಳೆದುಕೊಳ್ಳುವಾಗ ಸುತ್ತಲೂ ಅಪಾರ ಶಕ್ತಿ ಹೊಮ್ಮುತ್ತದೆ. ಆ ಶಕ್ತಿಯೇ ಅಲ್ಲಿನ ಅನಿಲವನ್ನು ಕಾಯಿಸಿ ಚದುರಿಸಿ, ಹೊಸ ನಕ್ಷತ್ರಗಳು ಹುಟ್ಟದಂತೆ ತಡೆದಿದೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವು ವಿವರಿಸಿತು.