ದರ ಏರಿತು, ಸೌಲಭ್ಯ ಕರಗಿತು: ಕಾಡಂಚಿನ ರೆಸಾರ್ಟಿನ ಬಿಲ್ ಓದುವ ಬಗೆ

ಹರದನಹಳ್ಳಿ (ಚಾಮರಾಜನಗರ): ಇಲ್ಲಿನ ದಿವ್ಯಲಿಂಗೇಶ್ವರ ದೇಗುಲವನ್ನು ನೋಡಲು ಪ್ರವೇಶ ಶುಲ್ಕವಿಲ್ಲ. ಇಲ್ಲಿಂದ ಎರಡು ಗಂಟೆಯ ಹಾದಿಯೊಳಗೇ ಇರುವ ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ರೆಸಾರ್ಟುಗಳ ಸಂಗತಿಯೇ ಬೇರೆ. ಅಲ್ಲಿ ಹಿಂದೆ ಕೊಠಡಿ ಬಾಡಿಗೆಯೊಳಗೇ ಅಡಗಿದ್ದ ಅನೇಕ ಅನುಕೂಲಗಳು ಒಂದೊಂದಾಗಿ ಹೊರಬಂದು ಪ್ರತ್ಯೇಕ ಬೆಲೆ ಪಡೆಯುತ್ತಿವೆ. ಬಾಡಿಗೆ ಮಾತ್ರ ಇಳಿಯುವುದಿಲ್ಲ. ವಾರಾಂತ್ಯಕ್ಕೆಂದು ಬೆಂಗಳೂರು, ಮೈಸೂರುಗಳಿಂದ ಬರುವ ಕುಟುಂಬಗಳಿಗೆ ಇದು ಅರ್ಥವಾಗುವುದು ಹೊರಡುವ ದಿನ, ಬಿಲ್ ಕೈಗೆ ಬಂದಾಗ.

ಈ ಚಾಳಿ ಕಾಡಿನಂಚಿನಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಇದಕ್ಕೆ ಜಗತ್ಪ್ರಸಿದ್ಧ ನಿದರ್ಶನ. ಅದರ ಹೋಟೆಲುಗಳಲ್ಲಿ ತಂಗುವವರನ್ನು ಒರ್ಲಾಂಡೊ ವಿಮಾನ ನಿಲ್ದಾಣದಿಂದ ಕರೆತರುತ್ತಿದ್ದ ಉಚಿತ ಬಸ್ 2022ರ ಆರಂಭದಲ್ಲಿ ನಿಂತಿತು. ಸರತಿ ಸಾಲಿನಲ್ಲಿ ಕಾಯುವುದನ್ನು ತಪ್ಪಿಸಲು 1999ರಲ್ಲಿ ಬಂದಿದ್ದ ಉಚಿತ ಫಾಸ್ಟ್‌ಪಾಸ್ ಜಾಗದಲ್ಲಿ 2021ರ ಅಕ್ಟೋಬರ್‌ನಿಂದ ಹಣ ಕೊಟ್ಟು ಪಡೆಯುವ ವ್ಯವಸ್ಥೆ ಬಂತು. ಟಿಕೆಟ್ ದರ ಏರುತ್ತಲೇ ಹೋಯಿತು. ಗಮನಾರ್ಹ ಸಂಗತಿಯೆಂದರೆ, ಹೋಟೆಲ್ ಅತಿಥಿಗಳ ಕಾರು ನಿಲುಗಡೆಗೆ 2018ರಲ್ಲಿ ಹೇರಿದ್ದ ರಾತ್ರಿ ಶುಲ್ಕವನ್ನು 2023ರ ಜನವರಿಯಲ್ಲಿ ಅದೇ ಸಂಸ್ಥೆ ಕೈಬಿಟ್ಟಿತು. ಕಡಿತಗೊಂಡದ್ದು ಮರಳಿ ಬಾರದೆಂಬ ನಿಯಮವೇನೂ ಇಲ್ಲ.

ಇಡಿಗಂಟಿನಿಂದ ಬಿಡಿಗಂಟಿಗೆ

ಕರ್ನಾಟಕದ ಅರಣ್ಯ ಪ್ರವಾಸೋದ್ಯಮ ಬೆಳೆದದ್ದು ಇಡಿಗಂಟಿನ ಲೆಕ್ಕದಲ್ಲಿ. 1980ರಲ್ಲಿ ಸ್ಥಾಪನೆಯಾದ, ಈಗ ರಾಜ್ಯ ಸರ್ಕಾರದ ಉದ್ದಿಮೆಯಾಗಿರುವ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಕಬಿನಿಯಲ್ಲಿ ಹಾಕಿಕೊಟ್ಟ ಮಾದರಿ ಸರಳವಾಗಿತ್ತು: ತಲೆಗಿಷ್ಟು ಎಂದು ಒಂದೇ ದರ, ಅದರೊಳಗೆ ವಸತಿ, ಊಟ, ಕಾಡಿನ ಸುತ್ತಾಟ ಎಲ್ಲವೂ. ಬಂಡೀಪುರ ಮತ್ತು ಕ್ಯಾತದೇವರ ಗುಡಿಯ ಶಿಬಿರಗಳಿಗೂ ಅದೇ ಪದ್ಧತಿ ಬಂತು. ಆ ಒಂದು ಅಂಕಿಯನ್ನು ನೋಡಿಕೊಂಡು ಅತಿಥಿಯು ತನ್ನ ಖರ್ಚನ್ನು ಮನೆಯಲ್ಲೇ ಲೆಕ್ಕ ಹಾಕಬಹುದಾಗಿತ್ತು.

ಈ ಗಂಟು ಬಿಚ್ಚಿದರೆ ಲೆಕ್ಕ ಕಷ್ಟವಾಗುತ್ತದೆ. ಸಂಜೆಯ ಚಹಾ, ಬೆಂಕಿಯ ಸುತ್ತಲಿನ ಕೂಟ, ಪ್ರಕೃತಿ ಮಾರ್ಗದರ್ಶಕನೊಡನೆ ಮುಂಜಾನೆಯ ನಡಿಗೆ, ಎರಡನೆಯ ಸಫಾರಿ, ಕೊನೆಗೆ ಮಕ್ಕಳಿಗೆ ಹೆಚ್ಚುವರಿ ಹಾಸಿಗೆ: ಯಾವುದು ದರದೊಳಗೆ, ಯಾವುದು ಹೊರಗೆ ಎಂಬುದು ಒಂದೊಂದು ರೆಸಾರ್ಟಿನಲ್ಲಿ ಒಂದೊಂದು ಬಗೆ. ಜಾಹೀರಾತಿನಲ್ಲಿ ಮಾತ್ರ ಎಲ್ಲದರ ಚಿತ್ರವೂ ಇರುತ್ತದೆ. ಕಳೆದ ವರ್ಷದ ದರದೊಂದಿಗೆ ಈ ವರ್ಷದ ದರವನ್ನಷ್ಟೇ ಹೋಲಿಸುವವರು ಅರ್ಧ ಏರಿಕೆಯನ್ನು ಮಾತ್ರ ಕಾಣುತ್ತಾರೆ. ಉಳಿದರ್ಧ ಕಡಿತದ ರೂಪದಲ್ಲಿ ಬಂದಿರುತ್ತದೆ.

ಹಾಗಿದ್ದೂ ಕೊಠಡಿಗಳು ಖಾಲಿ ಉಳಿಯುವುದಿಲ್ಲವೇಕೆ? ಬಂಡೀಪುರದ ಸುತ್ತ 2012ರ ಅಕ್ಟೋಬರ್‌ನಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾದ ಮೇಲೆ ಹೊಸ ರೆಸಾರ್ಟ್ ನಿರ್ಮಾಣಕ್ಕೆ ಕಟ್ಟುನಿಟ್ಟಿನ ಮಿತಿ ಬಿದ್ದಿದೆ. ಅದೇ ತಿಂಗಳು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಯು, ಹುಲಿ ಮೀಸಲಿನ ಒಳವಲಯದಲ್ಲಿ ಪ್ರವಾಸಿಗರಿಗೆ ತೆರೆಯಬಹುದಾದ ಪ್ರದೇಶವನ್ನು ಶೇ 20ಕ್ಕೆ ಸೀಮಿತಗೊಳಿಸಿತು. ಖಾಸಗಿ ರೆಸಾರ್ಟುಗಳು ತಮ್ಮದೇ ಜೀಪನ್ನು ಕಾಡಿನೊಳಗೆ ಓಡಿಸುವಂತಿಲ್ಲ. ಅಲ್ಲಿನ ಅತಿಥಿಗಳಿಗೂ ಅರಣ್ಯ ಇಲಾಖೆ ಅಥವಾ ಜಂಗಲ್ ಲಾಡ್ಜಸ್ ವಾಹನದ ಆಸನವೇ ಗತಿ. ಕೊಠಡಿಗಳೂ ಮಿತ, ಆಸನಗಳೂ ಮಿತ. ಬೇಡಿಕೆ ಮಾತ್ರ ಪ್ರತಿ ವಾರಾಂತ್ಯ ಹೆಚ್ಚುತ್ತದೆ. ಕಾಡಿಗೆ ಈ ಮಿತಿ ಅಗತ್ಯವೇ. ಆದರೆ ಅದರ ಲಾಭ ಯಾರ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

7,500 ರೂಪಾಯಿಯ ಗೆರೆ

ದರಪಟ್ಟಿಯನ್ನು ರೂಪಿಸುವಲ್ಲಿ ತೆರಿಗೆಯ ಪಾತ್ರವೂ ದೊಡ್ಡದು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಯ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅದನ್ನು ಮೀರಿದರೆ ಶೇ 18. ಸರಿಯಾಗಿ 7,500 ರೂಪಾಯಿಯ ಕೊಠಡಿಗೆ ತೆರಿಗೆ 375 ರೂಪಾಯಿ, ಒಟ್ಟು 7,875. ಬಾಡಿಗೆ ಒಂದೇ ಒಂದು ರೂಪಾಯಿ ಹೆಚ್ಚಾದರೂ ತೆರಿಗೆ 1,350ಕ್ಕೆ ಜಿಗಿದು ಒಟ್ಟು 8,851 ಆಗುತ್ತದೆ. ಹೀಗಾಗಿ ಗೆರೆಯ ಆಸುಪಾಸಿನಲ್ಲಿರುವ ಮಾಲೀಕನು ಬಾಡಿಗೆಯನ್ನು ಗೆರೆಯೊಳಗೆ ನಿಲ್ಲಿಸಿ ಉಳಿದುದನ್ನು ಹೊರಗೆ ಮಾರಲು ಬಯಸುವುದು ಸಹಜ.

ಇಲ್ಲಿ ಅತಿಥಿಗಳು ಎಡವುವ ಒಂದು ಜಾಗವಿದೆ. ಗೆರೆಯ ಲೆಕ್ಕ ಕೊಠಡಿಗೆ, ತಲೆಗಲ್ಲ. ‘ಇಬ್ಬರು ತಂಗಿದರೆ ತಲಾ 4,500’ ಎಂಬ ಬಾಡಿಗೆ ನೋಡಲು ಹಗುರ. ಕೊಠಡಿಯ ಲೆಕ್ಕದಲ್ಲಿ ಅದು 9,000 ರೂಪಾಯಿ. ಶೇ 18ರಂತೆ 1,620 ರೂಪಾಯಿ ತೆರಿಗೆ ಸೇರಿ 10,620 ಆಗುತ್ತದೆ.

ಇನ್ನು ಶೇ 12ರಿಂದ ಶೇ 5ಕ್ಕೆ ಇಳಿದ ತೆರಿಗೆಯ ಲಾಭ? 7,500ರ ಕೊಠಡಿಯಲ್ಲಿ ಅದು 525 ರೂಪಾಯಿ. ಆದರೆ ಶೇ 5ರ ವ್ಯವಸ್ಥೆಯಲ್ಲಿ ಹೋಟೆಲಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಹಾಸಿಗೆ ಬಟ್ಟೆ, ಪೀಠೋಪಕರಣ, ದುರಸ್ತಿ ಇತ್ಯಾದಿಗಳಿಗೆ ತೆತ್ತ ತೆರಿಗೆಯೆಲ್ಲ ಖರ್ಚಿನ ಬಾಬ್ತಿಗೇ ಸೇರುತ್ತದೆ. ಅದನ್ನು ಮೂಲ ಬಾಡಿಗೆಗೆ ಸೇರಿಸಿಬಿಟ್ಟರೆ ತೆರಿಗೆ ಇಳಿದದ್ದು ಅತಿಥಿಯ ಗಮನಕ್ಕೇ ಬಾರದು. ಹೋಟೆಲಿನವರ ಈ ಅಳಲು ಸುಳ್ಳಲ್ಲ. ಆನ್‌ಲೈನ್ ಬುಕಿಂಗ್ ತಾಣಗಳ ಕಮಿಷನ್, ಕಾಡಂಚಿನಲ್ಲಿ ವಿದ್ಯುತ್ ಕೈಕೊಟ್ಟಾಗ ಓಡಿಸುವ ಜನರೇಟರಿನ ಡೀಸೆಲ್ ಕೂಡ ಅವರ ತಲೆಯ ಮೇಲಿವೆ. ಆದರೆ ಖರ್ಚು ಹೆಚ್ಚಿದ್ದು ದರ ಏರಿಸಲು ಕಾರಣವಾಗಬಹುದೇ ಹೊರತು, ಕಡಿತವನ್ನು ಹೇಳದೆ ಮುಚ್ಚಿಡಲು ಅಲ್ಲ.

ಕಾನೂನು ಕಿತ್ತುಕೊಂಡದ್ದು

ಎಲ್ಲ ಕಡಿತಕ್ಕೂ ಮಾಲೀಕರನ್ನೇ ದೂರುವುದು ನ್ಯಾಯವಲ್ಲ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ 2009ರಲ್ಲಿ ಜಾರಿಗೆ ಬಂದದ್ದು ವನ್ಯಜೀವಿಗಳ ಹಿತಕ್ಕಾಗಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡದೆ ತಪ್ಪಲಿನಿಂದ ಸಾರಿಗೆ ಸಂಸ್ಥೆಯ ಬಸ್ ಓಡಿಸುವ ವ್ಯವಸ್ಥೆಗೂ ಜನ ಒಗ್ಗಿಕೊಂಡರು. ಕಾರಣ ಗೊತ್ತಿತ್ತು, ಬಸ್ಸಿನ ದರವೂ ಕೈಗೆಟುಕುವಂತಿತ್ತು.

ತೊಡಕಿರುವುದು ಸಫಾರಿಯೇ ನಿಂತಾಗ. 2012ರ ಜುಲೈನಲ್ಲಿ ಹುಲಿ ಮೀಸಲುಗಳ ಒಳವಲಯದ ಪ್ರವಾಸೋದ್ಯಮಕ್ಕೆ ಸುಪ್ರೀಂ ಕೋರ್ಟ್ ಮಧ್ಯಂತರ ತಡೆ ನೀಡಿ, ಅಕ್ಟೋಬರ್‌ನಲ್ಲಿ ತೆರವುಗೊಳಿಸಿತು. 2025ರ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಕಾರ್ಯಾಚರಣೆಗೆ ನಿಯೋಜಿಸುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಆದೇಶಿಸಿದರು. ಜನರ ಪ್ರಾಣದ ಮುಂದೆ ಪ್ರವಾಸ ದೊಡ್ಡದಲ್ಲ. ಆದರೆ ಮುಂಗಡ ಪಾವತಿಸಿದವರ ಹಣದ ಗತಿ? ‘ಕೊಠಡಿ ತೆರೆದಿದೆ, ಸಫಾರಿ ಇಲಾಖೆಗೆ ಸೇರಿದ್ದು’ ಎಂಬ ಉತ್ತರ ಸಫಾರಿಯನ್ನು ಬೇರೆಯಾಗಿ ಮಾರಿದ ಕಡೆ ಒಪ್ಪತಕ್ಕದ್ದು. ಒಂದೇ ದರದಲ್ಲಿ ಸೇರಿಸಿ ಮಾರಿದ ಕಡೆ ಆ ಪಾಲನ್ನು ಹಿಂದಿರುಗಿಸುವುದೇ ಸರಿ.

ಗ್ರಾಹಕನ ಕೈಯಲ್ಲಿ ಉಪಾಯಗಳಿಲ್ಲದೆ ಇಲ್ಲ. ಬಿಲ್ಲಿಗೆ ಸೇವಾ ಶುಲ್ಕವನ್ನು ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆರಂಭದಲ್ಲಿ ಕಡಿಮೆ ದರ ತೋರಿಸಿ ಪಾವತಿಯ ಹೊತ್ತಿಗೆ ಹನಿಹನಿಯಾಗಿ ಏರಿಸುವ ಆನ್‌ಲೈನ್ ತಂತ್ರವನ್ನು 2023ರ ನವೆಂಬರ್‌ನ ಮಾರ್ಗಸೂಚಿ ನಿಷೇಧಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಬೆಂಗಳೂರಿನವರು ಇದಕ್ಕಾಗಿ ಚಾಮರಾಜನಗರದವರೆಗೆ ಅಲೆಯಬೇಕಿಲ್ಲ. ಕಾಯ್ದಿರಿಸಿದ ದಿನದ ಜಾಹೀರಾತು ಮತ್ತು ಸೌಲಭ್ಯಗಳ ಪಟ್ಟಿಯ ಪ್ರತಿಯನ್ನು ತೆಗೆದಿಟ್ಟುಕೊಂಡಿರಬೇಕು, ಅಷ್ಟೆ. ಬಹುತೇಕರು ಮರೆಯುವುದೂ ಅದನ್ನೇ.

ರೆಸಾರ್ಟುಗಳ ಮುಂದೆಯೂ ಕಡಿತವಲ್ಲದ ದಾರಿಯಿದೆ. ಸಫಾರಿ ಇಲ್ಲದ ದಿನ ಅತಿಥಿಗೆ ಟಿ.ವಿ. ತೋರಿಸುವ ಬದಲು ತೆರಕಣಾಂಬಿಯ ಹಳೆಯ ದೇಗುಲಗಳನ್ನು, ಗುಂಡ್ಲುಪೇಟೆಯ ವಿಜಯನಾರಾಯಣನನ್ನು ತೋರಿಸಬಹುದು. ಕಂಸಾಳೆಯ ಕಲಾವಿದರು ಇದೇ ಜಿಲ್ಲೆಯಲ್ಲಿದ್ದಾರೆ. ತೋಂಟದ ಸಿದ್ಧಲಿಂಗ ಯತಿಗಳ ಹುಟ್ಟೂರೆಂದು ಪರಂಪರೆ ಹೇಳುವ ಹರದನಹಳ್ಳಿಗೆ ಒಂದು ವಾಹನ, ಊರ ಇತಿಹಾಸ ಬಲ್ಲ ಸ್ಥಳೀಯನೊಬ್ಬನಿಗೆ ಅರ್ಧ ದಿನದ ಸಂಭಾವನೆ: ಖರ್ಚು ಇಷ್ಟೇ.