ಹಂದಿಯ ಹೆಗಲು ಬೇಯುವ ಬಗೆ

ಕೊಡಗಿನಲ್ಲಿ ಪಂದಿ ಕರಿ ಮಾಡುವ ಮನೆಯವರು ಮಾಂಸದಂಗಡಿಯಲ್ಲಿ ಬೆನ್ನಿನ ನುಣುಪಾದ ಮಾಂಸ ಕೇಳುವುದು ಕಡಿಮೆ. ಅವರಿಗೆ ಬೇಕಾದದ್ದು ಹೆಗಲು, ಮುಂಗಾಲಿನ ಮೇಲ್ಭಾಗ, ಹೊಟ್ಟೆಯ ಪಕ್ಕ. ಅದೂ ತೊಗಲು, ಕೊಬ್ಬು ಬಿಡಿಸದೆ. ಹೆಗಲು ಗಡಸು ಮಾಂಸ. ಬೆನ್ನಿನದು ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ, ಹೆಗಲು ಎರಡು ತಾಸು ತೆಗೆದುಕೊಳ್ಳುತ್ತದೆ. ಆದರೆ ಆ ಎರಡು ತಾಸು ಕಳೆದ ಮೇಲೆ ಬಾಯಲ್ಲಿ ಕರಗುವುದು ಹೆಗಲೇ. ಬೆನ್ನಿನ ಮಾಂಸವನ್ನು ಅಷ್ಟು ಹೊತ್ತು ಒಲೆಯ ಮೇಲಿಟ್ಟರೆ ಒಣಗಿ ನಾರಾಗುತ್ತದೆ. ಕಾರಣ ತಿಳಿಯಬೇಕಾದರೆ ಹಂದಿ ಬದುಕುವ ರೀತಿಯನ್ನು ನೋಡಬೇಕು.

ಹಂದಿಯ ತಲೆ ಭಾರ, ಕುತ್ತಿಗೆ ಮೋಟು. ಬಿಟ್ಟರೆ ಸಾಕು, ಮೂತಿಯಿಂದ ನೆಲ ಒಕ್ಕುತ್ತ, ಬೇರು ಗೆಡ್ಡೆ ಕೀಳುತ್ತ ಹೊತ್ತು ಕಳೆಯುತ್ತದೆ. ಆ ತಲೆಯ ಭಾರ, ಮಣ್ಣು ಎತ್ತುವ ಬಲ ಎಲ್ಲವೂ ಬೀಳುವುದು ಕುತ್ತಿಗೆ ಮತ್ತು ಹೆಗಲಿನ ಮೇಲೆ. ಬೆನ್ನುಮೂಳೆಯ ಇಕ್ಕೆಲದ ಸ್ನಾಯುವಿಗೆ ಅಷ್ಟು ದುಡಿಮೆಯಿಲ್ಲ. ದುಡಿಯುವ ಸ್ನಾಯುವಿನ ಎಳೆಗಳನ್ನು ಕಟ್ಟುಕಟ್ಟಾಗಿ ಸುತ್ತಿ ಹಿಡಿಯುವ ಪೊರೆ ದಪ್ಪ. ಆ ಪೊರೆಯ ಮುಖ್ಯ ವಸ್ತು ಕೊಲಾಜೆನ್ ಎಂಬ ಪ್ರೋಟೀನ್. ಮೂರು ಎಳೆ ಹುರಿಮಾಡಿ ಹೊಸೆದ ಹಗ್ಗದ ಹಾಗೆ ಅದರ ಅಣುವಿನ ರಚನೆ. ಅಕ್ಕಪಕ್ಕದ ಅಣುಗಳ ನಡುವೆ ರಾಸಾಯನಿಕ ಕೊಂಡಿಗಳಿರುತ್ತವೆ. ಪ್ರಾಣಿಗೆ ವಯಸ್ಸಾದಂತೆ ಈ ಕೊಂಡಿಗಳು ಇನ್ನಷ್ಟು ಗಟ್ಟಿಯಾಗುತ್ತವೆ.

ಇಂದಿನ ಫಾರಂ ಹಂದಿ ಸುಮಾರು ಆರು ತಿಂಗಳಿಗೇ ಅಂಗಡಿಗೆ ಬರುತ್ತದೆ; ಅದರ ಕೊಲಾಜೆನ್ ಇನ್ನೂ ಎಳೆಯದು. ಹಿಂದೆ ಕೊಡಗಿನ ಒಲೆಯ ಮೇಲೆ ಬೇಯುತ್ತಿದ್ದದ್ದು ಬೇಟೆಯ ಕಾಡುಹಂದಿ. ವರ್ಷಗಟ್ಟಲೆ ಗುಡ್ಡ ಹತ್ತಿಳಿದ ಪ್ರಾಣಿಯ ಮಾಂಸ ಕಡುಗೆಂಪು, ಪೊರೆಗಳು ಬಲು ಗಟ್ಟಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, ಬರಬರುತ್ತ ಬಿಗಿಯಾದ ಮೇಲೆ ಆ ಜಾಗಕ್ಕೆ ಸಾಕುಹಂದಿ ಬಂತು. ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಬೇಯಿಸುವ ಪದ್ಧತಿ ಮಾತ್ರ ಉಳಿದಿದೆ. ಉಳಿದದ್ದು ಒಳ್ಳೆಯದೇ ಆಯಿತು.

ಈಗ ಪಾತ್ರೆಯ ಒಳಗೆ ನೋಡೋಣ. ಉಪ್ಪು, ಅರಿಸಿನ, ಮೆಣಸಿನ ಪುಡಿ ಸವರಿದ ತುಂಡುಗಳು ತಳ ದಪ್ಪದ ಪಾತ್ರೆಯಲ್ಲಿ ಬಿಸಿಯಾಗುತ್ತಿವೆ. ಹಸಿ ಮಾಂಸದ ಮುಕ್ಕಾಲು ಪಾಲು ನೀರು. 50 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಸ್ನಾಯುವಿನ ಮಯೋಸಿನ್ ಎಂಬ ಪ್ರೋಟೀನ್ ಗಟ್ಟಿಯಾಗತೊಡಗುತ್ತದೆ. 60 ದಾಟಿದ ಮೇಲೆ ಕೊಲಾಜೆನ್ ಪೊರೆಗಳು ಮುದುಡಿಕೊಂಡು ಒಳಗಿನ ಎಳೆಗಳನ್ನು ಹಿಂಡುತ್ತವೆ, ನೀರು ಹೊರಬರುತ್ತದೆ. ನಾವು ಒಂದು ತೊಟ್ಟು ನೀರು ಹಾಕದಿದ್ದರೂ ಪಾತ್ರೆಯ ತುಂಬ ರಸ ಬಿಡುವುದು ಹೀಗೆ. 70ರ ಆಸುಪಾಸಿನಲ್ಲಿ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನೂ ಬಿಗಿಯುತ್ತದೆ. ಮುಚ್ಚಳ ತೆಗೆದು ನೋಡಿದರೆ ತುಂಡುಗಳು ಕುಗ್ಗಿವೆ, ಬಣ್ಣ ಬೂದಿಗೆ ತಿರುಗಿದೆ, ಚಮಚದಿಂದ ಒತ್ತಿದರೆ ರಬ್ಬರಿನಷ್ಟು ಗಡಸು. ಕೆಟ್ಟಿತು ಎಂದುಕೊಂಡು ಅನೇಕರು ಉರಿ ಏರಿಸುವುದು ಈ ಹಂತದಲ್ಲೇ.

ಉರಿ ಏರಿಸಿ ಲಾಭವಿಲ್ಲ. ಮುಚ್ಚಳ ಮುಚ್ಚಿದ ಮಾಮೂಲಿ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಅದರ ಬಿಸಿ ಮೇಲೇರುವುದಿಲ್ಲ. ಹೆಚ್ಚಿನ ಉರಿಯೆಲ್ಲ ಆವಿಯಾಗಿ ಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಂತೂ ನೀರು 96 ಡಿಗ್ರಿಗೇ ಕುದಿಯುತ್ತದೆ. ಕೊಲಾಜೆನ್ ಅಣುವಿನ ಹುರಿ ಬಿಚ್ಚಿ ಜೆಲಟಿನ್ ಆಗಿ ರಸಕ್ಕಿಳಿಯಲು ಬೇಕಾದದ್ದು ನೀರು, 80–90 ಡಿಗ್ರಿ ಬಿಸಿ ಮತ್ತು ಹೊತ್ತು. ಕೊತಕೊತ ಕುದಿಸಿದರೆ ಎಳೆಗಳು ಇನ್ನಷ್ಟು ಹಿಂಡಿಕೊಳ್ಳುತ್ತವೆ, ತುಂಡುಗಳು ಒಂದಕ್ಕೊಂದು ತಾಗಿ ಒಡೆಯುತ್ತವೆ. ಆಗೊಂದು ಈಗೊಂದು ಗುಳ್ಳೆ ಏಳುವಷ್ಟು ಉರಿ ಸಾಕು. ಗಂಟೆ ಒಂದೂವರೆ ಕಳೆಯುತ್ತಿದ್ದಂತೆ ರಸಕ್ಕೆ ಮೈ ಬರುತ್ತದೆ, ಬೆರಳಿಗೆ ಹಚ್ಚಿ ಉಜ್ಜಿದರೆ ಅಂಟುತ್ತದೆ. ತೊಗಲಿನ ಅಂಚು ಪಾರದರ್ಶಕವಾಗುತ್ತದೆ. ಎರಡು ತಾಸಿಗೆ ಚಮಚದ ಅಂಚೇ ತುಂಡನ್ನು ಬಿಡಿಸುತ್ತದೆ.

ಈ ಹೊತ್ತಿಗೆ ಎಳೆಗಳಲ್ಲಿದ್ದ ನೀರು ಬಹಳಷ್ಟು ಹೋಗಿಯಾಗಿದೆ. ನಾಲಿಗೆಗೆ ರಸಭರಿತ ಎನಿಸುವುದು ಎಳೆಗಳ ನಡುವೆ ತುಂಬಿಕೊಂಡ ಜೆಲಟಿನ್ ಮತ್ತು ಕರಗಿದ ಕೊಬ್ಬು. ಪೊರೆಯೂ ಕೊಬ್ಬೂ ಕಡಿಮೆಯಿರುವ ಬೆನ್ನಿನ ಮಾಂಸ ಇಲ್ಲೇ ಸೋಲುತ್ತದೆ. ತೊಗಲಿನ ಪ್ರೋಟೀನ್ ಬಹುಪಾಲು ಕೊಲಾಜೆನ್ನೇ ಆದ್ದರಿಂದ ಅದನ್ನು ಬಿಡಿಸಿ ಎಸೆಯುವುದು ನಿಜವಾದ ನಷ್ಟ.

ಕೊಬ್ಬಿನಲ್ಲೂ ಹಂದಿಯ ದಾರಿ ಬೇರೆ. ಕುರಿ, ದನಗಳ ಹೊಟ್ಟೆಯ ಮೊದಲ ಚೀಲದಲ್ಲಿರುವ ಬ್ಯಾಕ್ಟೀರಿಯಾಗಳು ಮೇವಿನ ಅಪರ್ಯಾಪ್ತ ಕೊಬ್ಬನ್ನು ಬಹುಮಟ್ಟಿಗೆ ಪರ್ಯಾಪ್ತ ಕೊಬ್ಬಾಗಿಸುತ್ತವೆ. ಹಂದಿಯದು ನಮ್ಮಂತೆ ಒಂದೇ ಕೋಣೆಯ ಹೊಟ್ಟೆ. ತಿಂದ ಕೊಬ್ಬು ಹೆಚ್ಚು ಬದಲಾಗದೆ ಮೈ ಸೇರುತ್ತದೆ. ಅಪರ್ಯಾಪ್ತ ಕೊಬ್ಬು ಕಡಿಮೆ ಬಿಸಿಗೇ ಕರಗುವುದರಿಂದ ಹಂದಿಯ ಕೊಬ್ಬು 30ರಿಂದ 40 ಡಿಗ್ರಿಯೊಳಗೆ ಕರಗಿಬಿಡುತ್ತದೆ. ಹಾಗಾಗಿ ಕುರಿಯ ಕೊಬ್ಬಿನಂತೆ ಅಂಗುಳಕ್ಕೆ ಮೆತ್ತಿಕೊಳ್ಳುವುದಿಲ್ಲ, ಪಂದಿ ಕರಿಗೆ ಬೇರೆ ಎಣ್ಣೆಯೂ ಬೇಡ.

ಕುಕ್ಕರ್ ಇರುವಾಗ ಇಷ್ಟು ಕಾಯಬೇಕೇ? ಕುಕ್ಕರಿನ ಹುಟ್ಟೇ ಕೊಲಾಜೆನ್ನಿಗೆ ಅಂಟಿಕೊಂಡಿದೆ. ಫ್ರಾನ್ಸಿನ ಡೆನಿಸ್ ಪ್ಯಾಪಿನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ ಯಂತ್ರ, ಆವಿಯ ಒತ್ತಡದಲ್ಲಿ ಎಲುಬಿನೊಳಗಿನ ಕೊಲಾಜೆನ್ ಕರಗಿಸಿ ಎಲುಬನ್ನು ಮೆತ್ತಗಾಗಿಸುವಂಥದ್ದು. 1682ರಲ್ಲಿ ಸೊಸೈಟಿಯ ಸದಸ್ಯರಿಗೆ ಅದರಲ್ಲೇ ಬೇಯಿಸಿದ ಊಟವೂ ನಡೆಯಿತು. ಇಂದಿನ ಕುಕ್ಕರಿನಲ್ಲಿ ಬಿಸಿ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಪೊರೆಗಳು ಅರ್ಧ ಗಂಟೆಯಲ್ಲೇ ಕರಗುತ್ತವೆ. ಆದರೆ ಎಳೆಗಳೂ ಅಷ್ಟೇ ಬಲವಾಗಿ ಹಿಂಡಿಹೋಗುತ್ತವೆ. ಅವಸರದ ದಿನಕ್ಕೆ ಕುಕ್ಕರ್ ಸರಿ, ಹಬ್ಬದ ದಿನಕ್ಕೆ ನನ್ನ ಆಯ್ಕೆ ದಪ್ಪ ತಳದ ಪಾತ್ರೆಯೇ. ಕುಕ್ಕರಿನಲ್ಲಿಟ್ಟರೂ ಒತ್ತಡ ತಾನಾಗಿ ಇಳಿಯಲು ಬಿಡಿ. ಥಟ್ಟನೆ ಆವಿ ಬಿಟ್ಟರೆ ತುಂಡಿನೊಳಗಿನ ನೀರೂ ಕುದಿದು ಹೊರಹೋಗುತ್ತದೆ.

ಹುಳುವಿನ ಭಯದಿಂದ ಹಂದಿ ಮಾಂಸವನ್ನೇ ಮುಟ್ಟದವರಿದ್ದಾರೆ. ಎರಡು ತಾಸು ಹೀಗೆ ಬೆಂದ ಮಾಂಸದಲ್ಲಿ ಲಾಡಿಹುಳದ ಮರಿ ಉಳಿಯದು. ಮೆದುಳಿಗೆ ಹೋಗಿ ಫಿಟ್ಸ್ ತರಿಸುವ ಕಾಯಿಲೆ ಬರುವುದು ಆ ಹುಳದ ಮೊಟ್ಟೆಗಳು ಹೊಟ್ಟೆ ಸೇರಿದಾಗ. ಮೊಟ್ಟೆಗಳು ಹೊರಬರುವುದು ಹುಳವಿರುವ ಮನುಷ್ಯನ ಮಲದಲ್ಲಿ. ಕೊಳಕು ನೀರಿನಲ್ಲಿ ಬೆಳೆದ ಹಸಿ ಸೊಪ್ಪು ತಿಂದು, ಮಾಂಸವನ್ನೇ ಮುಟ್ಟದವರಿಗೂ ಅದು ಬರಬಹುದು. ಸೊಪ್ಪು ತೊಳೆಯುವುದು, ಶೌಚದ ನಂತರ ಕೈ ತೊಳೆಯುವುದು ಇಲ್ಲಿ ಬಹಳ ಮುಖ್ಯ.

ಪಂದಿ ಕರಿಯ ಕಪ್ಪು ಬಣ್ಣ ಮಾಂಸದ್ದಲ್ಲ. ಮಾಂಸ ಕಂದಾಗಿ ಘಮ ಬಿಡುವ ಮಯಾರ್ ಕ್ರಿಯೆಗೆ ಸುಮಾರು 140 ಡಿಗ್ರಿ ಬೇಕು, ರಸದಲ್ಲಿ ಮುಳುಗಿದ ತುಂಡಿಗೆ ಅಷ್ಟು ಬಿಸಿ ಸಿಗದು. ಆ ಕೊರತೆ ತುಂಬುವುದು ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆಗಳನ್ನು ಕಪ್ಪಾಗುವವರೆಗೆ ಹುರಿದು ಮಾಡಿದ ಪುಡಿ. ಕೊನೆಗೆ ಬೀಳುವುದು ಕಾಚಂಪುಳಿ. ಉತ್ತರ ಕನ್ನಡದವರು ಉಪ್ಪಾಗೆ ಎನ್ನುವ ಮರದ ಹಣ್ಣಿನ ರಸವನ್ನು ತಾಸುಗಟ್ಟಲೆ ಕುದಿಸಿ ಇಳಿಸಿದ ಮಂದ ಹುಳಿ ಅದು. ಆಮ್ಲ ಕೊಲಾಜೆನ್ ಕರಗಲು ನೆರವಾಗುತ್ತದೆ ನಿಜ. ಆದರೂ ಕೊನೆಗೆ ಹಾಕುವುದೇ ಜಾಣತನ, ಏಕೆಂದರೆ ಕೊಬ್ಬು ಎಷ್ಟು ಬಿಟ್ಟಿದೆ ಎಂದು ಗೊತ್ತಾಗುವುದು ಆಗಲೇ, ಹುಳಿಯ ಅಳತೆಯೂ ಅದರ ಮೇಲೇ. ಒಂದು ಚಮಚದಿಂದ ಶುರುಮಾಡಿ ರುಚಿ ನೋಡುತ್ತ ಹಾಕಿ.

ತಣಿಸಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ರಸ ಹೆಪ್ಪುಗಟ್ಟಿರುತ್ತದೆ. ಮೇಲಿನ ಬಿಳಿ ಕೊಬ್ಬಿನ ಪದರ ಬೇಡದವರು ಎತ್ತಿ ತೆಗೆಯಬಹುದು. ಅದರ ಕೆಳಗಿನ ಗಟ್ಟಿ ರಸವನ್ನು ಮಾತ್ರ ಬಿಡಬೇಡಿ. ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಅದು ಮತ್ತೆ ಕರಗಿ, ಜೊತೆಗೆ ತಿನ್ನುವ ಅಕ್ಕಿತರಿಯ ಉಂಡೆ ಕಡಂಬುಟ್ಟಿಗೆ ಅಂಟುವಷ್ಟು ಮಂದವಾಗುತ್ತದೆ.